ಮಾತಿನ ಹೊಣೆ: ವಾಕ್ ಚಿಕಿತ್ಸಕರ ಅರ್ಹತೆ ಮತ್ತು ನಿರಂತರ ಕಲಿಕೆ



ವಾಕ್ ಚಿಕಿತ್ಸೆಯ ಬಗ್ಗೆ ಸಾರ್ವಜನಿಕರೆದುರು ಮಾತಾಡಲು ಕರೆದಾಗ, ಮಗು ಯಾವ ವಯಸ್ಸಿಗೆ ಎಷ್ಟು ಮಾತಾಡಬೇಕು, ಉಗ್ಗಿಗೆ ಏನು ಪರಿಹಾರ, ಲಕ್ವ ಹೊಡೆದವರಿಗೆ ಮಾತು ಮರಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದು ವಾಡಿಕೆ. ಆ ಪ್ರಶ್ನೆಗಳಿಗೆಲ್ಲ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ. ಉತ್ತರ ಹೇಳುತ್ತಿರುವವರು ಯಾರು? ಅವರು ಎಲ್ಲಿ ಕಲಿತರು, ಅವರ ಕಲಿಕೆಯನ್ನು ಯಾರು ಒರೆಗೆ ಹಚ್ಚಿದರು, ಕೊನೆಯ ಸಲ ಯಾವಾಗ ಹೊಸದನ್ನು ಕಲಿತರು? ಇಂದಿನ ಉಪನ್ಯಾಸವನ್ನು ಈ ಪ್ರಶ್ನೆಗೆ ಮೀಸಲಿಟ್ಟಿದ್ದೇನೆ. ನೋಂದಣಿ, ನವೀಕರಣ, ಅಂಕ ಎಂಬ ಮಾತುಗಳು ಕಚೇರಿಯ ಕಡತದ ಮಾತುಗಳಂತೆ ಕೇಳಿಸಬಹುದು. ಆದರೆ ಒಂದು ಮಗುವಿನ ಎರಡು ಮೂರು ವರ್ಷಗಳ ಆಯುಸ್ಸು ಆ ಕಡತದ ಮೇಲೆ ನಿಂತಿರುತ್ತದೆ.

ನಾನು ಹೇಳಬೇಕಾದ ಮಾತು ಒಂದೇ. ವಾಕ್ ಚಿಕಿತ್ಸಕರ ಅರ್ಹತಾ ಪತ್ರವೆಂದರೆ, ತನ್ನ ಪರವಾಗಿ ತಾನೇ ಮಾತಾಡಲಾರದ ವ್ಯಕ್ತಿಗೆ ಸಮಾಜ ಕೊಡುವ ಖಾತರಿ. ಖಾತರಿ ಕೊಟ್ಟ ಮೇಲೆ ಅದನ್ನು ವರ್ಷ ವರ್ಷವೂ ಉಳಿಸಿಕೊಳ್ಳಬೇಕು.

ದೂರು ಹೇಳಲಾಗದವರು

2011ರ ಜನಗಣತಿಯಲ್ಲಿ ಭಾರತದಲ್ಲಿ ಮಾತಿನ ನ್ಯೂನತೆ ಇರುವವರು ಸುಮಾರು 20 ಲಕ್ಷ, ಶ್ರವಣ ನ್ಯೂನತೆ ಇರುವವರು 50 ಲಕ್ಷಕ್ಕೂ ಹೆಚ್ಚು ಎಂದು ದಾಖಲಾಯಿತು. ಜನಗಣತಿಯ ಕಣ್ಣಿಗೆ ಬೀಳದವರು ಬೇರೆ. ಶಾಲೆಯಲ್ಲಿ ಎದ್ದು ನಿಂತು ತನ್ನ ಹೆಸರು ಹೇಳಲು ಹೆದರುವ ಉಗ್ಗಿನ ಹುಡುಗ, ಗಂಟಲು ಒಡೆದುಹೋದ ಮೇಷ್ಟ್ರು, ಓದುವಾಗ ಅಕ್ಷರಗಳು ಕಲಸಿಹೋಗುವ ಹುಡುಗಿ, ಲಕ್ವದ ನಂತರ ನೀರು ಕುಡಿದರೆ ಕೆಮ್ಮು ಬರುವ ಅಜ್ಜ, ಇವರ್ಯಾರೂ ಆ ಲೆಕ್ಕದಲ್ಲಿ ಸರಿಯಾಗಿ ಸೇರಿರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ನ್ಯೂನತೆಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆ ಪ್ರತ್ಯೇಕವಾಗಿಯೇ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ, ಪಾರ್ಕಿನ್‌ಸನ್ ಕಾಯಿಲೆ ಇವೂ ಆ ಪಟ್ಟಿಯಲ್ಲಿವೆ. ಇವೆಲ್ಲವುಗಳಲ್ಲೂ ವಾಕ್ ಚಿಕಿತ್ಸಕರಿಗೆ ಕೆಲಸವಿದೆ.

ಬೇರೆ ಚಿಕಿತ್ಸೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಲ್ಲಿನ ವೈದ್ಯರು ಬೇರೆ ಹಲ್ಲನ್ನು ಮುಟ್ಟಿದರೆ ರೋಗಿ ಅಲ್ಲೇ ಕೂಗಿಕೊಳ್ಳುತ್ತಾನೆ. ವಾಕ್ ಚಿಕಿತ್ಸೆಯಲ್ಲಿ ಎದುರಿಗೆ ಕೂತವರಿಗೆ ಕೂಗಿ ಹೇಳಲು ಆಗದಿರುವುದೇ ತೊಂದರೆ. ಮೂರು ವರ್ಷದ ಮಗು "ನನಗೆ ಇಲ್ಲಿ ಏನೂ ಕಲಿಸುತ್ತಿಲ್ಲ" ಎಂದು ಹೇಳುವುದಿಲ್ಲ. ಮಿದುಳಿಗೆ ಪೆಟ್ಟಾಗಿ ಭಾಷೆ ಕುಂದಿದ, ಎಂದರೆ ಅಫೇಸಿಯಾ ಆದ ವ್ಯಕ್ತಿಗೆ ತಾನು ಪಡುತ್ತಿರುವ ಅವಮಾನವನ್ನು ವಾಕ್ಯವಾಗಿ ಕಟ್ಟಲು ಬಾರದು. ಇದರ ಜೊತೆಗೆ ಇಲ್ಲಿ ಆಗುವ ಹಾನಿಗೆ ರಕ್ತವಿಲ್ಲ, ಗಾಯವಿಲ್ಲ. ಮಗು ಸುಧಾರಿಸದಿದ್ದರೆ "ಮಗುವಿಗೆ ಗಮನ ಕಡಿಮೆ", "ತಾಯಿ ಮನೆಯಲ್ಲಿ ಮಾಡಿಸುತ್ತಿಲ್ಲ" ಎಂಬ ಮಾತು ಬರುತ್ತದೆ. ಚಿಕಿತ್ಸೆಯ ದೋಷ ಮಗುವಿನ ತಲೆಗೋ ತಾಯಿಯ ತಲೆಗೋ ಬಂದು ಕೂರುತ್ತದೆ. ಎಷ್ಟೋ ತಾಯಂದಿರು ಈ ಅಪವಾದವನ್ನು ನಂಬಿ, ತಮ್ಮನ್ನೇ ಹಳಿದುಕೊಂಡು ಬದುಕುವುದನ್ನು ನಾನು ನೋಡಿದ್ದೇನೆ.

ನಮ್ಮ ಮನೆಗಳಲ್ಲಿ ಮಾತು ತಡವಾದ ಮಗುವಿನ ನಾಲಗೆಗೆ ಬಜೆ ತೇಯ್ದು ಹಚ್ಚುವುದುಂಟು. ದೇವರಿಗೆ ಹರಕೆ ಹೊರುವುದುಂಟು. "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ" ಎಂದು ಸಮಾಧಾನ ಹೇಳುವುದುಂಟು. ಇದನ್ನೆಲ್ಲ ದಾಟಿ, ಸಾಲ ಮಾಡಿ, ದೂರದ ಊರಿನಿಂದ ಬಸ್ಸು ಹತ್ತಿ ಬರುವ ಕುಟುಂಬ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಬೆಲೆಬಾಳುವ ಕಾಲ ಆಗಲೇ ಕಳೆದಿರುತ್ತದೆ. ಭಾಷೆ ಬೇರೂರುವ ಮೊದಲ ಐದು ವರ್ಷಗಳಲ್ಲಿ ಒಂದು ವರ್ಷವನ್ನು ಅರ್ಹತೆಯಿಲ್ಲದ ಕೈಗೆ ಕೊಟ್ಟರೆ ಆ ವರ್ಷವನ್ನು ಯಾರೂ ಹಿಂದಿರುಗಿಸಲಾರರು. ರೋಗಿ ತಾನೇ ದೂರು ಹೇಳಲಾರದ ಕಡೆ, ದೂರಿಗೆ ಮೊದಲೇ ಕಾವಲು ಇರಬೇಕು. ಅದಕ್ಕಾಗಿ ನೋಂದಣಿ ಬೇಕು.

ಮೈಸೂರಿನಿಂದ ಕಾಯ್ದೆಯವರೆಗೆ

ಈ ವೃತ್ತಿ ಭಾರತದಲ್ಲಿ ಬೇರೂರಿದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮೈಸೂರಿಗರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯ ಈ ಸ್ವಾಯತ್ತ ಸಂಸ್ಥೆಯಲ್ಲಿ ಕಲಿತವರು ಇಂದು ದೇಶದ ಉದ್ದಗಲಕ್ಕೂ, ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಕೆಲಸ ಮಾಡುತ್ತಿದ್ದಾರೆ. ಕನ್ನಡ ರಂಗಭೂಮಿಗೆ ನಾಟಕಕಾರರಾಗಿ ಪರಿಚಿತರಾದ ನ. ರತ್ನ ಅವರು ಇದರ ನಿರ್ದೇಶಕರಾಗಿದ್ದರು. ಮಾತನ್ನು ವೇದಿಕೆಯ ಮೇಲೂ ಚಿಕಿತ್ಸಾಲಯದಲ್ಲೂ ಬಲ್ಲವರು ಈ ವೃತ್ತಿಯ ಮೊದಲ ತಲೆಮಾರಿನಲ್ಲಿದ್ದದ್ದು ನಮ್ಮ ಪುಣ್ಯ.

ರತ್ನ ಮತ್ತು ಸಹೋದ್ಯೋಗಿಗಳು 1972ರಲ್ಲಿ ಕನ್ನಡಕ್ಕೆಂದೇ ಒಂದು ಉಚ್ಚಾರಣಾ ಪರೀಕ್ಷೆಯನ್ನು ರೂಪಿಸಿದರು. ಅದರ ಅಗತ್ಯ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಮಗು ಹುಲಿಗೂ ಹುಳಿಗೂ, ಕತೆಗೂ ಕತ್ತೆಗೂ, ಬಲಕ್ಕೂ ಬಾಲಕ್ಕೂ ವ್ಯತ್ಯಾಸ ಮಾಡುತ್ತಿದೆಯೇ ಎಂಬುದನ್ನು ಇಂಗ್ಲಿಷ್ ಪದಗಳ ಪರೀಕ್ಷೆ ಹಿಡಿಯಲಾರದು. ನಾಲಗೆಯನ್ನು ಮಡಚಿ ನುಡಿಯುವ ಟ, ಡ, ಣ, ಳಗಳೂ, ಒತ್ತಕ್ಷರವೂ, ಹ್ರಸ್ವ ದೀರ್ಘವೂ ಕನ್ನಡದಲ್ಲಿ ಅರ್ಥವನ್ನೇ ಬದಲಿಸುತ್ತವೆ. ಒಬ್ಬ ಚಿಕಿತ್ಸಕರು ಅರ್ಹರು ಎನ್ನುವಾಗ ಯಾವ ಭಾಷೆಯಲ್ಲಿ ಅರ್ಹರು ಎಂಬ ಪ್ರಶ್ನೆ ಅಂದೇ ಎದ್ದಿತ್ತು ಎಂಬುದನ್ನು ನೆನಪಿಡೋಣ.

ವೃತ್ತಿಗೆ ಕಾನೂನಿನ ಚೌಕಟ್ಟು ಬಂದದ್ದು ತಡವಾಗಿ. ಭಾರತೀಯ ಪುನರ್ವಸತಿ ಪರಿಷತ್ತು, ಎಂದರೆ ಆರ್‌ಸಿಐ, 1986ರಲ್ಲಿ ಒಂದು ನೋಂದಾಯಿತ ಸಂಘವಾಗಿ ಹುಟ್ಟಿತು. 1992ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 1993ರಲ್ಲಿ ಪರಿಷತ್ತು ಶಾಸನಬದ್ಧ ಸಂಸ್ಥೆಯಾಯಿತು. ಶ್ರವಣ ತಜ್ಞರು ಮತ್ತು ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮೊದಲಾದವರು ಇದರ ವ್ಯಾಪ್ತಿಗೆ ಬಂದರು. ಯಾವ ಕಾಲೇಜು ಕಲಿಸಬಹುದು, ಏನನ್ನು ಕಲಿಸಬೇಕು ಎಂಬುದನ್ನು ಪರಿಷತ್ತು ನಿರ್ಧರಿಸುತ್ತದೆ. ಮಾನ್ಯತೆ ಪಡೆದ ಪದವಿ ಮುಗಿಸಿದವರ ಹೆಸರು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತದೆ. ನಮ್ಮವರು 'ಸಿಆರ್‌ಆರ್ ನಂಬರ್' ಎನ್ನುವುದು ಇದಕ್ಕೇ. ಕಾಯ್ದೆಯ 13ನೆಯ ಕಲಮಿನ ಪ್ರಕಾರ ಮಾನ್ಯ ಅರ್ಹತೆಯೂ ನೋಂದಣಿಯೂ ಇಲ್ಲದವರು ಈ ವೃತ್ತಿ ನಡೆಸುವಂತಿಲ್ಲ. ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಕಾಯ್ದೆ ವಿಧಿಸಿತು.

ಈ ಕಲಮು ನಮ್ಮ ವೃತ್ತಿಗೆ ಸಿಕ್ಕ ದೊಡ್ಡ ಬಲ. ಆದರೆ ಕಾಯ್ದೆ ತಾನಾಗಿಯೇ ಬೀದಿಗೆ ಇಳಿಯುವುದಿಲ್ಲ. 'ಸ್ಪೀಚ್ ಥೆರಪಿ' ಎಂದು ಬೋರ್ಡು ಹಾಕಿದ ಕಡೆಯೆಲ್ಲ ಒಳಗೆ ನೋಂದಾಯಿತ ಚಿಕಿತ್ಸಕರು ಇದ್ದಾರೆಯೇ ಎಂದು ಯಾರೂ ಹೋಗಿ ನೋಡುತ್ತಿಲ್ಲ. ಕೇಂದ್ರದ ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ ತೂಗುಹಾಕಿ, ಮಗುವಿನ ಜೊತೆ ಕೂರುವವರು ಇನ್ನೊಬ್ಬರಾಗಿರುವುದೂ ಉಂಟು. ತಂದೆತಾಯಿ ಕೇಳುವುದಿಲ್ಲ, ಏಕೆಂದರೆ ಕೇಳಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ.

ಪದವಿಯ ಹೊತ್ತಿಗೆ ಇದ್ದ ಜ್ಞಾನ

ನೋಂದಣಿ ಒಂದು ದಿನದ ಸತ್ಯವನ್ನು ದಾಖಲಿಸುತ್ತದೆ. ಈ ವ್ಯಕ್ತಿ ಇಂಥ ವರ್ಷದಲ್ಲಿ ಇಷ್ಟನ್ನು ಕಲಿತಿದ್ದರು ಎಂಬುದೇ ಆ ಸತ್ಯ. ಆಮೇಲೆ ವಿಜ್ಞಾನ ಮುಂದೆ ಹೋಗುತ್ತದೆ. ನಮ್ಮ ಕ್ಷೇತ್ರದಲ್ಲಿ ಅದು ಎಷ್ಟು ದೂರ ಹೋಗಿದೆ ಎಂಬುದಕ್ಕೆ ನಾಲ್ಕು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಉಗ್ಗು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದ ವಿದ್ವಾಂಸರು. ಮಗುವಿನ ಸಹಜ ತಡವರಿಕೆಯನ್ನು ತಂದೆತಾಯಿ 'ಉಗ್ಗು' ಎಂದು ಗುರುತಿಸಿ ಆತಂಕಪಡುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂದು ಅವರು ವಾದಿಸಿದರು. ಆ ವಾದ ದಶಕಗಳ ಕಾಲ ಜಗತ್ತಿನ ತರಗತಿಗಳನ್ನು ಆಳಿತು. "ಗಮನಿಸಬೇಡಿ, ತಾನಾಗಿಯೇ ಹೋಗುತ್ತದೆ" ಎಂಬ ಸಲಹೆಯ ಬೇರು ಅಲ್ಲಿದೆ. ಆಮೇಲೆ ಉಗ್ಗಿಗೆ ನರಮಂಡಲದ ಮತ್ತು ಅನುವಂಶೀಯ ಆಧಾರಗಳಿರುವುದು ಕಂಡುಬಂತು. ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಆರಂಭಿಸಿದ ಡೆನಿಸ್ ಡ್ರೇನಾ ಅವರ ತಂಡ 2010ರಲ್ಲಿ ಉಗ್ಗಿಗೆ ಸಂಬಂಧಿಸಿದ ಜೀನ್‌ಗಳನ್ನು ಗುರುತಿಸಿತು. ಸಿಡ್ನಿಯಲ್ಲಿ ಬೆಳೆದ ಲಿಡ್‌ಕೂಂಬ್ ವಿಧಾನದಲ್ಲಿ ಚಿಕಿತ್ಸಕರ ಮಾರ್ಗದರ್ಶನದಲ್ಲಿ ತಂದೆತಾಯಿಯೇ ಮನೆಯಲ್ಲಿ ಮಗುವಿನ ಮಾತಿಗೆ ಹಿತವಾಗಿ ಪ್ರತಿಕ್ರಿಯಿಸುತ್ತಾರೆ. ಹಳೆಯ ಸಲಹೆ ತಾಯಿಯನ್ನು ಅಪರಾಧಿಯಾಗಿ ಮಾಡಿತ್ತು. ಹೊಸ ವಿಧಾನದಲ್ಲಿ ಆಕೆ ಚಿಕಿತ್ಸೆಯ ಪಾಲುದಾರಳು. ಹಳೆಯ ಪಾಠವನ್ನೇ ಓದಿ ನಿಂತ ಚಿಕಿತ್ಸಕರು ಇಂದಿಗೂ ತಾಯಿಯನ್ನು ಸುಮ್ಮನಿರಿಸಿ ಕಳಿಸುತ್ತಾರೆ.

ಎರಡನೆಯದು ಊದುವ ವ್ಯಾಯಾಮ. ಮೇಣದ ಬತ್ತಿ ಊದಿಸುವುದು, ಪೀಪಿ ಊದಿಸುವುದು, ನಾಲಗೆಯನ್ನು ಮೇಲೆ ಕೆಳಗೆ ಆಡಿಸುವುದು ಚಿಕಿತ್ಸಾ ಕೊಠಡಿಗಳಲ್ಲಿ ಬಹುಕಾಲ ನಡೆದುಬಂದಿವೆ. ಇವುಗಳಿಂದ ಮಕ್ಕಳ ಉಚ್ಚಾರಣೆ ಸುಧಾರಿಸುತ್ತದೆ ಎಂಬುದಕ್ಕೆ ಭರವಸೆಯ ಆಧಾರ ಸಿಕ್ಕಿಲ್ಲ. ಮಾತಿಗಾಗಿ ನಾಲಗೆ ಚಲಿಸುವ ರೀತಿ ಬೇರೆ, ವ್ಯಾಯಾಮಕ್ಕಾಗಿ ಚಲಿಸುವ ರೀತಿ ಬೇರೆ. 'ರ' ಕಲಿಯಬೇಕಾದ ಮಗು 'ರ' ಇರುವ ಮಾತನ್ನೇ ಆಡಬೇಕು. ವಾರಕ್ಕೆ ಎರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಿಗುವ ಮಗುವಿನ ಸಮಯದಲ್ಲಿ ಅರ್ಧವನ್ನು ಊದುವುದಕ್ಕೆ ಕೊಟ್ಟರೆ ಅದು ಮಗುವಿಗೆ ಆದ ನಷ್ಟ.

ಮೂರನೆಯದು ನಮ್ಮ ನೆಲಕ್ಕೆ ತೀರ ಹತ್ತಿರದ್ದು. ಮಾತು ತಡವಾದ ಮಗುವಿಗೆ, ಆಟಿಸಂ ಇರುವ ಮಗುವಿಗೆ "ಮನೆಯಲ್ಲಿ ಒಂದೇ ಭಾಷೆ ಮಾತಾಡಿ" ಎಂಬ ಸಲಹೆ ಬೆಂಗಳೂರಿನಲ್ಲಿ ಇಂದೂ ಕೇಳಿಬರುತ್ತದೆ. ಆ ಒಂದು ಭಾಷೆ ಹೆಚ್ಚಾಗಿ ಶಾಲೆಯ ಇಂಗ್ಲಿಷ್. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಉರ್ದುವೋ ಆಡುವ ಅಜ್ಜಿ ಮೊಮ್ಮಗನೊಂದಿಗೆ ಮಾತಾಡುವುದನ್ನೇ ಕಡಿಮೆ ಮಾಡುತ್ತಾಳೆ. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ನಾಲ್ಕು ಆಜ್ಞೆ ಹೇಳಿ ನಿಲ್ಲಿಸುತ್ತಾಳೆ. ಮಾತು ಬೇಕಾಗಿದ್ದ ಮಗುವಿಗೆ ಮನೆಯೇ ಮೌನವಾಗುತ್ತದೆ. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ದ್ವಿಭಾಷಿಕ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆ ಕೇಳಿಸಿಕೊಂಡದ್ದರಿಂದ ಅವರು ಹಿಂದೆ ಬಿದ್ದದ್ದು ಕಂಡಿಲ್ಲ. ಮನೆಯ ಜನ ಯಾವ ಭಾಷೆಯಲ್ಲಿ ಮನಸಾರೆ ಆಡುತ್ತಾರೋ, ನಗುತ್ತಾರೋ, ಬೈಯುತ್ತಾರೋ ಆ ಭಾಷೆಯೇ ಮಗುವಿಗೆ ಔಷಧ. ಈ ತಿಳಿವಳಿಕೆ ಬಂದ ಮೇಲೂ ಹಳೆಯ ಸಲಹೆ ನಿಲ್ಲದಿರುವುದಕ್ಕೆ ಕಾರಣ, ನಮ್ಮಲ್ಲಿ ಅನೇಕರ ಓದು ಪದವಿಯ ವರ್ಷಕ್ಕೆ ನಿಂತುಹೋಗಿರುವುದು.

ನಾಲ್ಕನೆಯದು ನುಂಗುವಿಕೆ. ಒಂದು ಕಾಲದಲ್ಲಿ ವಾಕ್ ಚಿಕಿತ್ಸಕರ ಪಠ್ಯದಲ್ಲಿ ಇದಕ್ಕೆ ಹೆಚ್ಚು ಜಾಗವಿರಲಿಲ್ಲ. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಲಕ್ವ, ತಲೆಗೆ ಪೆಟ್ಟು, ಬಾಯಿ ಮತ್ತು ಗಂಟಲ ಕ್ಯಾನ್ಸರ್ ಆದವರಿಗೆ ಊಟ ಯಾವಾಗ, ಯಾವ ಹದದಲ್ಲಿ ಕೊಡಬಹುದು ಎಂದು ಹೇಳುವ ಹೊಣೆ ಬಹುಪಾಲು ನಮ್ಮದು. ಇಲ್ಲಿ ಎಡವಿದರೆ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿ ಪ್ರಾಣವೇ ಹೋಗಬಹುದು. ಆಹಾರದ ಹದವನ್ನು 0ಯಿಂದ 7ರವರೆಗೆ ಎಂಟು ಮಟ್ಟಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಕ್ರಮ ಈಗ ಬಳಕೆಯಲ್ಲಿದೆ. ಅದನ್ನು ಕಲಿತರಷ್ಟೇ ಸಾಲದು. ಮಂಡ್ಯದ ರೈತರೊಬ್ಬರಿಗೆ ಲಕ್ವ ಹೊಡೆದು ಎಚ್ಚರವಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ "ಮುದ್ದೆ ಕೊಡಬೌದಾ?" ಎಂಬುದು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮೆತ್ತಗಿದೆ ಎಂಬ ಕಾರಣಕ್ಕೆ ಅದು ಸುರಕ್ಷಿತವಲ್ಲ. ಅಂಟು, ತುತ್ತಿನ ಗಾತ್ರ, ಜೊತೆಗೆ ಬರುವ ತೆಳು ಸಾರು ಎಲ್ಲವೂ ಲೆಕ್ಕಕ್ಕೆ ಬರಬೇಕು. ಯಾವ ವಿದೇಶಿ ಕೋರ್ಸೂ ಇದನ್ನು ಹೇಳಿಕೊಡುವುದಿಲ್ಲ. ನಮ್ಮ ಆಸ್ಪತ್ರೆಗಳ ಚಿಕಿತ್ಸಕರು ಒಟ್ಟಿಗೆ ಕೂತು, ತಾವು ಕಂಡದ್ದನ್ನು ಹೋಲಿಸಿ, ಈ ಜ್ಞಾನವನ್ನು ಕಟ್ಟಬೇಕು. ನಿರಂತರ ಕಲಿಕೆಯೆಂದರೆ ಹೊರಗಿನದನ್ನು ತರುವುದರ ಜೊತೆಗೆ ಇಲ್ಲಿಯದನ್ನು ಉಂಟುಮಾಡುವ ಕೆಲಸವೂ ಹೌದು.

ಬೇರೆ ದೇಶಗಳು ಕಂಡುಕೊಂಡ ದಾರಿ

ಈ ಖಾತರಿಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಕೊಡುತ್ತವೆ. ಮೂರನ್ನು ನೋಡೋಣ.

ಅಮೆರಿಕದ ವಾಕ್ ಶ್ರವಣ ಸಂಘ 1925ರಲ್ಲಿ ಸ್ಥಾಪನೆಯಾಯಿತು. ಅದು ಕೊಡುವ ಚಿಕಿತ್ಸಾ ಸಾಮರ್ಥ್ಯದ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಬೇಕು, 400 ಗಂಟೆಗಳ ಚಿಕಿತ್ಸಾ ತರಬೇತಿ ಬೇಕು, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಮೇಲೆ ಕನಿಷ್ಠ 36 ವಾರ, 1260 ಗಂಟೆಗಳಷ್ಟು ಒಬ್ಬ ಅನುಭವಿ ಮಾರ್ಗದರ್ಶಕರ ಕಣ್ಣಳತೆಯಲ್ಲಿ ಕೆಲಸ ಮಾಡಬೇಕು. ಮಾರ್ಗದರ್ಶಕರು ಚಿಕಿತ್ಸೆ ನಡೆಯುವಾಗ ನೇರವಾಗಿ ನೋಡಿ ಅಳೆಯುತ್ತಾರೆ. ಪ್ರಮಾಣಪತ್ರ ಉಳಿಸಿಕೊಳ್ಳಲು ಮೂರು ವರ್ಷಕ್ಕೆ 30 ಗಂಟೆಗಳ ಕಲಿಕೆ ಕಡ್ಡಾಯ. ಇದರ ಮೇಲೆ ಆಯಾ ರಾಜ್ಯದ ಪರವಾನಗಿ ಬೇರೆ.

ಬ್ರಿಟನ್ನಿನಲ್ಲಿ ಕಾನೂನುಬದ್ಧ ನೋಂದಣಿ ಇದೆ, ಎರಡು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಅಲ್ಲಿಯ ಆರೋಗ್ಯ ವೃತ್ತಿ ಪರಿಷತ್ತು ಇಷ್ಟು ಗಂಟೆ, ಇಷ್ಟು ಅಂಕ ಎಂದು ಕೇಳುವುದಿಲ್ಲ. ನಿಮ್ಮ ಕಲಿಕೆಯ ದಾಖಲೆ ಇಟ್ಟಿದ್ದೀರಾ, ಬಗೆಬಗೆಯಾಗಿ ಕಲಿತಿದ್ದೀರಾ, ಅದರಿಂದ ನಿಮ್ಮ ಕೆಲಸದ ಗುಣಮಟ್ಟ ಏರಿತೇ, ನಿಮ್ಮ ಸೇವೆ ಪಡೆಯುವವರಿಗೆ ಪ್ರಯೋಜನವಾಯಿತೇ ಎಂದು ಕೇಳುತ್ತದೆ. ನವೀಕರಣದ ಹೊತ್ತಿಗೆ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಬರಹದಲ್ಲಿ ವಿವರ ತರಿಸಿಕೊಳ್ಳುತ್ತದೆ. ಯಾರ ಹೆಸರೂ ಬರಬಹುದಾದ್ದರಿಂದ ಎಲ್ಲರೂ ದಾಖಲೆ ಇಟ್ಟಿರುತ್ತಾರೆ.

ಆಸ್ಟ್ರೇಲಿಯಾದಲ್ಲಿ ವೈದ್ಯರು, ದಾದಿಯರು ಸೇರಿರುವ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ ವಾಕ್ ಚಿಕಿತ್ಸಕರು ಇಲ್ಲ. ವೃತ್ತಿಪರ ಸಂಘವೇ ಪ್ರಮಾಣೀಕರಣ ಮಾಡುತ್ತದೆ, ಕಲಿಕೆಯ ಲೆಕ್ಕ ಕೇಳುತ್ತದೆ. ಸರ್ಕಾರದ ಆರೋಗ್ಯ ವಿಮೆಯ ಹಣ ಪಡೆಯಬೇಕಾದರೆ ಆ ಸಂಘದ ಮಾನ್ಯತೆ ಬೇಕು. ಹೀಗೆ ಕಾಯ್ದೆಯ ಬಲವಿಲ್ಲದಿದ್ದರೂ ಹಣದ ಹರಿವಿನ ಮೂಲಕ ಸಂಘದ ಮಾತಿಗೆ ತೂಕ ಬಂದಿದೆ.

ನಮ್ಮ ಕೈಯಲ್ಲಿ ಆಸ್ಟ್ರೇಲಿಯಾದವರಿಗಿಲ್ಲದ ಕಾಯ್ದೆಯಿದೆ. ಅಮೆರಿಕದಲ್ಲಿರುವಂಥ ಮಾರ್ಗದರ್ಶಕರ ಕಣ್ಣಳತೆಯ ಮೊದಲ ವರ್ಷ ಪದವಿಯ ನಂತರ ನಮ್ಮಲ್ಲಿಲ್ಲ. ಕಲಿತದ್ದು ರೋಗಿಗೆ ತಲುಪಿತೇ ಎಂಬ ಬ್ರಿಟನ್ನಿನ ಪ್ರಶ್ನೆಯನ್ನೂ ನಾವು ಕೇಳಿಕೊಂಡಿಲ್ಲ.

ಅಂಕದ ಲೆಕ್ಕ, ಕಲಿಕೆಯ ಲೆಕ್ಕ

ನಮ್ಮಲ್ಲಿ ನಾಲ್ಕು ವರ್ಷದ ಪದವಿಯ ಕೊನೆಯ ಹಂತದಲ್ಲಿ ಇಂಟರ್ನ್‌ಷಿಪ್ ಇದೆ. ಅದಕ್ಕೂ ಮುಂಚೆ ವಿದ್ಯಾರ್ಥಿ ಪ್ರತಿ ಮಗುವಿಗೂ ಪಾಠದ ಯೋಜನೆ ಬರೆದು, ಮೇಲ್ವಿಚಾರಕರಿಗೆ ತೋರಿಸಿ, ಅವರು ನೋಡುತ್ತಿರುವಾಗ ಚಿಕಿತ್ಸೆ ನಡೆಸುತ್ತಾರೆ. ಒಳ್ಳೆಯ ಮೇಲ್ವಿಚಾರಕರ ಕೈಯಲ್ಲಿ ಪಳಗಿದವರ ಕೆಲಸದಲ್ಲಿ ಅದರ ಗುರುತು ಕೊನೆಯವರೆಗೂ ಇರುತ್ತದೆ. ಆದರೆ ಪದವಿ ಕೈಗೆ ಬಂದ ಮರುದಿನದಿಂದ ಯಾರೂ ನೋಡುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಜಿಲ್ಲಾ ಕೇಂದ್ರದ ಕೊಠಡಿಯಲ್ಲಿ ಒಬ್ಬಳೇ ಕೂತು, ಒಂದೇ ದಿನ ಸೀಳು ಅಂಗುಳದ ಮಗು, ಕಾಕ್ಲಿಯರ್ ಇಂಪ್ಲಾಂಟ್ ಆದ ಮಗು, ಲಕ್ವದ ಹಿರಿಯರು ಎಲ್ಲರನ್ನೂ ನೋಡುತ್ತಾಳೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದಾಗಿ ಜಿಲ್ಲಾ ಮಟ್ಟದಲ್ಲಿ ಇಂಥ ಹುದ್ದೆಗಳು ಬಂದವು. ಅದು ದೊಡ್ಡ ಹೆಜ್ಜೆ. ಆ ಹುದ್ದೆಯಲ್ಲಿ ಕೂತವರಿಗೆ ಸಂಶಯ ಬಂದರೆ ಯಾರನ್ನು ಕೇಳಬೇಕು ಎಂಬ ವ್ಯವಸ್ಥೆ ಮಾತ್ರ ಅವರೊಂದಿಗೆ ಬರಲಿಲ್ಲ.

ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಪರಿಷತ್ತು ಮಾನ್ಯ ಮಾಡಿದ ನಿರಂತರ ಪುನರ್ವಸತಿ ಶಿಕ್ಷಣದ, ಎಂದರೆ ಸಿಆರ್‌ಇ, ಕಾರ್ಯಕ್ರಮಗಳಲ್ಲಿ ಭಾಗವಹಿಸಿ ನಿಗದಿತ ಅಂಕ ಗಳಿಸಬೇಕು ಎಂಬ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ನಿಯಮವೇ ಇಲ್ಲದಿದ್ದರೆ ಎಷ್ಟೋ ಜನ ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ನನ್ನ ಕಳವಳ ಇರುವುದು ಅಂಕ ಏನನ್ನು ಅಳೆಯುತ್ತಿದೆ ಎಂಬುದರಲ್ಲಿ. ಸಭಾಂಗಣದಲ್ಲಿ ಕೂತ ಹೊತ್ತನ್ನು ಅದು ಅಳೆಯುತ್ತದೆ. ಐದನೆಯ ವರ್ಷದಲ್ಲಿ ಅಂಕ ಕಡಿಮೆ ಬಿದ್ದಾಗ ತನ್ನ ಕೆಲಸಕ್ಕೆ ಸಂಬಂಧವಿಲ್ಲದ ವಿಷಯದ ಕಾರ್ಯಾಗಾರಕ್ಕೂ ಹೆಸರು ಕೊಡುವುದು ನಡೆಯುತ್ತದೆ. ಮಕ್ಕಳ ಶಾಲೆಯಲ್ಲಿ ದುಡಿಯುವವರು ಗಂಟಲ ಶಸ್ತ್ರಚಿಕಿತ್ಸೆಯ ಉಪನ್ಯಾಸ ಕೇಳಿ ಬರುತ್ತಾರೆ. ಪ್ರಮಾಣಪತ್ರ ಕಡತ ಸೇರುತ್ತದೆ, ಸೋಮವಾರ ಬೆಳಿಗ್ಗೆ ಮಗುವಿನ ಮುಂದೆ ಅದೇ ಹಳೆಯ ಚಿತ್ರದ ಕಾರ್ಡುಗಳು ಬಂದು ಕೂರುತ್ತವೆ.

ಖರ್ಚಿನ ಭಾರವೂ ಸಣ್ಣದಲ್ಲ. ಖಾಸಗಿ ಕೇಂದ್ರದಲ್ಲಿ ದುಡಿಯುವ ಕಿರಿಯ ಚಿಕಿತ್ಸಕರಿಗೆ ಕಾರ್ಯಾಗಾರದ ಶುಲ್ಕ, ಪ್ರಯಾಣ, ಕಳೆದುಕೊಂಡ ಸಂಬಳ ಎಲ್ಲವೂ ಸ್ವಂತ ಜೇಬಿನಿಂದ ಹೋಗುತ್ತವೆ. ಆನ್‌ಲೈನ್ ತರಗತಿಗಳು ಈ ಭಾರವನ್ನು ಇಳಿಸಿವೆ. ಬೀದರಿನಲ್ಲಿ ಕೂತವರೂ ಮೈಸೂರಿನ ಪಾಠ ಕೇಳಬಹುದು. ಆದರೆ ಮಗುವಿನ ಬಾಯಿಂದ ಮೊದಲ ಶಬ್ದ ಹೊರಡುವ ಕ್ಷಣದಲ್ಲಿ ಚಿಕಿತ್ಸಕರು ಎಷ್ಟು ಹೊತ್ತು ಕಾಯಬೇಕು, ಯಾವಾಗ ನೆರವು ಕೊಡಬೇಕು ಎಂಬುದನ್ನು ಪರದೆಯ ಮೇಲಿನ ಸ್ಲೈಡು ಕಲಿಸದು. ಇನ್ನೊಬ್ಬರು ನಮ್ಮ ಕೆಲಸವನ್ನು ನೋಡಿ ಹೇಳಿದಾಗಲೇ ಅದು ಬರುತ್ತದೆ.

ಮಾಡಬಹುದಾದದ್ದು

ಐದು ಸಲಹೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಯಾವುದಕ್ಕೂ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ.

ಒಂದು, ಮೊದಲ ವರ್ಷದ ಆಸರೆ. ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿ ಚಿಕಿತ್ಸಕರಿಗೂ ಒಬ್ಬ ಹಿರಿಯರು ಜೊತೆಯಾಗಬೇಕು. ಕಾಲೇಜುಗಳೇ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಒಂದು ವರ್ಷ ಕೈಬಿಡದೆ ನಡೆಸಬಹುದು. ತಿಂಗಳಿಗೊಮ್ಮೆ, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಚಿತ್ರೀಕರಿಸಿದ ಒಂದು ಚಿಕಿತ್ಸೆಯನ್ನು ಇಬ್ಬರೂ ಕೂತು ನೋಡಿದರೆ ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಪಾಠವಾಗುತ್ತದೆ.

ಎರಡು, ಜಿಲ್ಲೆಗೊಂದು ಪ್ರಕರಣ ಚರ್ಚೆಯ ಕೂಟ. ನಾಲ್ಕಾರು ಚಿಕಿತ್ಸಕರು ಸೇರಿ, ಹೆಸರು ಗುರುತು ಬಿಡಿಸಿ, ತಮಗೆ ಕಗ್ಗಂಟಾದ ಪ್ರಕರಣವನ್ನು ಮುಂದಿಡಲಿ. ಜೊತೆಗೆ ಆಸ್ಪತ್ರೆಯ ಕಿವಿ ಮೂಗು ಗಂಟಲು ವೈದ್ಯರನ್ನೂ ವಿಶೇಷ ಶಿಕ್ಷಕರನ್ನೂ ಕೂರಿಸಿಕೊಳ್ಳಲಿ. ಇಂಥ ಕೂಟಗಳಿಗೂ ಸಿಆರ್‌ಇ ಅಂಕ ಸಿಗುವಂತೆ ಪರಿಷತ್ತು ಮನಸ್ಸು ಮಾಡಲಿ.

ಮೂರು, ಕಲಿತದ್ದರ ದಾಖಲೆ. ಪ್ರತಿ ಕಾರ್ಯಕ್ರಮದ ನಂತರ ಚಿಕಿತ್ಸಕರು ಒಂದು ಪುಟ ಬರೆದಿಡಲಿ. ಇದನ್ನು ಕಲಿತೆ, ಇಂಥ ಮಗುವಿಗೆ ಹೀಗೆ ಬಳಸಿದೆ, ಮೂರು ತಿಂಗಳ ನಂತರ ಇಷ್ಟು ವ್ಯತ್ಯಾಸ ಕಂಡಿತು, ಇಲ್ಲವೇ ಕಾಣಲಿಲ್ಲ ಎಂದು ಬರೆಯಲಿ. ವ್ಯತ್ಯಾಸ ಕಾಣದ್ದನ್ನು ಬರೆಯುವ ಧೈರ್ಯ ವಿಜ್ಞಾನದ ಮೊದಲ ಲಕ್ಷಣ. ನವೀಕರಣದ ವೇಳೆ ಕೆಲವರ ಪುಟಗಳನ್ನಾದರೂ ತರಿಸಿ ಓದುವ ಪದ್ಧತಿ ಬಂದರೆ ಅಂಕಕ್ಕೆ ಜೀವ ಬರುತ್ತದೆ.

ನಾಲ್ಕು, ಕನ್ನಡದಲ್ಲಿ ಕಲಿಕೆ. ನಮ್ಮ ಪಠ್ಯ ಇಂಗ್ಲಿಷಿನಲ್ಲಿದೆ, ನಮ್ಮ ರೋಗಿಗಳು ಕನ್ನಡ, ತುಳು, ಉರ್ದು, ಕೊಡವ, ಲಂಬಾಣಿ ಆಡುತ್ತಾರೆ. ಕನ್ನಡದಲ್ಲಿ ಕಾರ್ಯಾಗಾರ ನಡೆಯಬೇಕು, ಕನ್ನಡದ ಪರೀಕ್ಷಾ ಸಾಮಗ್ರಿಗಳು ಹಳತಾಗದಂತೆ ಪರಿಷ್ಕರಣೆಯಾಗಬೇಕು. ಉತ್ತರ ಕರ್ನಾಟಕದ ಮಗು ಆಡುವ ಮಾತನ್ನು ಮೈಸೂರಿನ ಮಾತಿನ ಅಳತೆಗೋಲಿನಿಂದ ಅಳೆದು ದೋಷ ಎನ್ನಬಾರದು. ಇದಕ್ಕೆ ಭಾಷಾಶಾಸ್ತ್ರಜ್ಞರ, ಶಿಕ್ಷಕರ, ಬರಹಗಾರರ ನೆರವು ಬೇಕು. ಕನ್ನಡದ ವಿಶ್ವವಿದ್ಯಾಲಯಗಳು ಇಲ್ಲಿ ನಮ್ಮ ಜೊತೆ ನಿಲ್ಲಬಲ್ಲವು.

ಐದು, ಉದ್ಯೋಗ ಕೊಟ್ಟವರ ಪಾಲು. ಆಸ್ಪತ್ರೆ, ಶಾಲೆ, ಚಿಕಿತ್ಸಾ ಕೇಂದ್ರ ಯಾವುದೇ ಇರಲಿ, ಕಲಿಕೆಗೆ ಸಂಬಳ ಸಹಿತ ರಜೆಯನ್ನೂ ಶುಲ್ಕದ ಪಾಲನ್ನೂ ಕೊಡಬೇಕು. ಸರ್ಕಾರಿ ಹುದ್ದೆಗಳು ಗುತ್ತಿಗೆಯ ಮೇಲೆ ನಡೆಯುವ ಕಡೆ ಇದು ಇನ್ನೂ ಅಗತ್ಯ. ಇಂದು ಇದ್ದು ನಾಳೆ ಹೋಗುವ ಹುದ್ದೆಯಲ್ಲಿ ಯಾರೂ ಹತ್ತು ವರ್ಷದ ಕಲಿಕೆಯ ಯೋಜನೆ ಹಾಕಿಕೊಳ್ಳಲಾರರು.

ಮೂರು ವಿನಂತಿ

ಕೊನೆಯದಾಗಿ ಮೂವರಲ್ಲಿ ಮೂರು ವಿನಂತಿ.

ತಂದೆತಾಯಿಗಳಲ್ಲಿ. ನಿಮ್ಮ ಮಗುವಿನ ಜೊತೆ ಕೂರುವವರ ಹೆಸರು, ಪದವಿ, ನೋಂದಣಿ ಸಂಖ್ಯೆ ಕೇಳಿ. ಅದು ಅವಮಾನದ ಪ್ರಶ್ನೆ ಎಂದು ಭಾವಿಸಬೇಡಿ. ಪರಿಷತ್ತಿನ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹುಡುಕಿ ನೋಡಬಹುದು. ಮಗುವಿಗೆ ಇಟ್ಟುಕೊಂಡ ಗುರಿ ಏನು, ಎಷ್ಟು ತಿಂಗಳಿಗೆ, ಮುಟ್ಟಿದೆವೋ ಇಲ್ಲವೋ ಎಂದು ಹೇಗೆ ತಿಳಿಯುತ್ತೀರಿ ಎಂದೂ ಕೇಳಿ. ಚಿಕಿತ್ಸೆ ನಡೆಯುವಾಗ ಒಳಗೆ ಕೂತು ನೋಡಲು ಅವಕಾಶ ಕೇಳಿ. ನೋಂದಣಿಯಿಲ್ಲದವರು ಚಿಕಿತ್ಸೆ ಕೊಡುತ್ತಿರುವುದು ಗೊತ್ತಾದರೆ ಪರಿಷತ್ತಿಗೆ ಬರೆಯಿರಿ. ನೀವು ಬರೆಯದಿದ್ದರೆ ನಿಮ್ಮ ನಂತರ ಅದೇ ಬಾಗಿಲಿಗೆ ಬರುವ ಮಗುವಿಗೂ ಅದೇ ಕಾದಿರುತ್ತದೆ.

ವಿದ್ಯಾರ್ಥಿಗಳಲ್ಲಿ. ನಿಮ್ಮ ಸಿಆರ್‌ಆರ್ ಸಂಖ್ಯೆ ಬಂದ ದಿನ ಸಂತೋಷಪಡಿ, ಅದು ದುಡಿದು ಗಳಿಸಿದ್ದು. ಮರುದಿನವೇ ಒಬ್ಬ ಹಿರಿಯರನ್ನು ಆರಿಸಿಕೊಂಡು "ನನ್ನ ಕೆಲಸ ನೋಡಿ, ತಪ್ಪಿದ್ದರೆ ಹೇಳಿ" ಎಂದು ಕೇಳಿ. ನಿಯಮ ಬಲವಂತ ಮಾಡುವವರೆಗೆ ಕಾಯಬೇಡಿ.

ನನ್ನ ವಯಸ್ಸಿನ ಸಹೋದ್ಯೋಗಿಗಳಲ್ಲಿ. ಕಿರಿಯರು ನಮ್ಮ ಚಿಕಿತ್ಸೆಯನ್ನು ನೋಡಲು ಬಾಗಿಲು ತೆರೆದಿಡೋಣ. ಅವರು "ಇದಕ್ಕೆ ಆಧಾರವೇನು?" ಎಂದು ಕೇಳಿದಾಗ ಅನುಭವದ ಹೆಸರಿನಲ್ಲಿ ಬಾಯಿ ಮುಚ್ಚಿಸದಿರೋಣ. ನಾವು ಕಲಿಸಿದ್ದರಲ್ಲಿ ಯಾವುದು ಇಂದು ನಿಲ್ಲುವುದಿಲ್ಲವೋ ಅದನ್ನು ನಾವೇ ಮೊದಲು ಎದ್ದು ಹೇಳೋಣ. ಹಾಗೆ ಹೇಳಬಲ್ಲ ಹಿರಿಯರಿರುವ ವೃತ್ತಿಯನ್ನು ಜನ ನಂಬುತ್ತಾರೆ, ಮಾತಿಗಾಗಿ ನಮ್ಮ ಬಳಿ ಬಂದವರಿಗೆ ನಾವು ಕೊಡಬಹುದಾದ ದೊಡ್ಡ ಖಾತರಿಯೂ ಅದೇ.